ಒಂದೇ ವಸ್ತು ಎರಡು ಸಲ ಕರಗುತ್ತಾ?

ಪ್ರಶ್ನೆ: ನಾನು ಬಿಎಸ್ಸಿ ವಿದ್ಯಾರ್ಥಿನಿ. ಲ್ಯಾಬಿನಲ್ಲಿ ಕೊಲೆಸ್ಟರಿಲ್ ಬೆಂಜೊಯೇಟ್ ಕಾಸಿದಾಗ 145 ಡಿಗ್ರಿ ಹತ್ತಿರ ಕರಗಿ ಮಬ್ಬು ದ್ರವವಾಯಿತು. 178ರ ಹತ್ತಿರ ಒಮ್ಮೆಲೇ ತಿಳಿಯಾಯಿತು. ಸ್ಯಾಂಪಲ್ ಶುದ್ಧ ಇಲ್ಲ ಅಂದರು. ಹೌದಾ?

ಉತ್ತರ: ಇಲ್ಲ, ನೀವು ನೋಡಿದ್ದು ಸರಿಯಾಗಿಯೇ ಇದೆ. ಕಲಬೆರಕೆ ಇದ್ದರೆ ವಸ್ತು ಬೇಗ ಕರಗಲು ಶುರುವಾಗಿ, ಹಲವು ಡಿಗ್ರಿ ಎಳೆದಾಡಿಕೊಂಡು ಕರಗುತ್ತದೆ. ನಿಮ್ಮದು ಹಾಗಲ್ಲ, ಎರಡು ಖಚಿತ ತಾಪಮಾನ. ತಣ್ಣಗೆ ಮಾಡಿ ನೋಡಿ, ತಿಳಿ ದ್ರವ ಮತ್ತೆ ಮಬ್ಬಾಗುತ್ತದೆ, ಬಣ್ಣಗಳೂ ಮಿನುಗಬಹುದು.

1888ರಲ್ಲಿ ಪ್ರಾಗ್‌ನಲ್ಲಿದ್ದ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಸರ್ ಇದೇ ವಸ್ತುವಿನಲ್ಲಿ ಇದನ್ನೇ ಕಂಡರು: 145.5 ಮತ್ತು 178.5 ಡಿಗ್ರಿ. ಅವರು ಅದನ್ನು ಜರ್ಮನಿಯ ಭೌತವಿಜ್ಞಾನಿ ಒಟ್ಟೊ ಲೆಹ್ಮನ್‌ಗೆ ಕಳಿಸಿದರು, ಯಾಕೆಂದರೆ ಕಾಸುತ್ತಲೇ ನೋಡಬಹುದಾದ ಸೂಕ್ಷ್ಮದರ್ಶಕ ಲೆಹ್ಮನ್ ಹತ್ತಿರ ಇತ್ತು. ಹರಿಯುತ್ತದೆ, ಆದರೂ ಬೆಳಕಿನ ಜೊತೆ ಹರಳಿನಂತೆ ನಡೆದುಕೊಳ್ಳುತ್ತದೆ ಅಂತ ಲೆಹ್ಮನ್ ಹೇಳಿದರೂ ಎಲ್ಲರೂ ಒಪ್ಪಲಿಲ್ಲ. ಗುಸ್ಟಾವ್ ಟಮ್ಮನ್‌ರಂಥ ದೊಡ್ಡ ರಸಾಯನ ವಿಜ್ಞಾನಿಯೇ ಇದು ಬರೀ ಎಮಲ್ಶನ್, ಅಂದರೆ ಒಂದರಲ್ಲೊಂದು ಕರಗದ ದ್ರವಗಳ ಮಿಶ್ರಣ ಅಂದರು. ಶುದ್ಧ ಇಲ್ಲ ಅಂತ ನಿಮಗೆ ಸಿಕ್ಕ ಉತ್ತರಕ್ಕೆ ನೂರು ವರ್ಷಕ್ಕೂ ಜಾಸ್ತಿ ವಯಸ್ಸಾಗಿದೆ.

ಹರಳಿನಲ್ಲಿ ಅಣುಗಳಿಗೆ ಜಾಗವೂ ನಿಗದಿ, ದಿಕ್ಕೂ ನಿಗದಿ. 145ರಲ್ಲಿ ಜಾಗದ ಕಟ್ಟು ಹೋಗಿ ಅಣುಗಳು ಹರಿಯತೊಡಗುತ್ತವೆ, ಆದರೆ ಅಕ್ಕಪಕ್ಕದವು ಹೆಚ್ಚುಕಡಿಮೆ ಒಂದೇ ದಿಕ್ಕಿಗೆ ಮುಖ ಮಾಡಿಕೊಂಡೇ ಇರುತ್ತವೆ. ಆ ದಿಕ್ಕೂ ತಪ್ಪುವುದು 178ರಲ್ಲಿ. ನಡುವಿನ ಸ್ಥಿತಿಯೇ ದ್ರವಹರಳು, ಅಂದರೆ ಲಿಕ್ವಿಡ್ ಕ್ರಿಸ್ಟಲ್. ನಿಮ್ಮ ಎಲ್‌ಸಿಡಿ ಪರದೆಯೊಳಗೆ ಇರುವುದೂ ಇದೇ ಜಾತಿಯ ವಸ್ತು.

ಇದನ್ನು ಸಾಬೀತು ಮಾಡಲು ಒಂದು ಪರೀಕ್ಷೆ ಸಾಲದು. ಪೋಲರೈಸಿಂಗ್ ಸೂಕ್ಷ್ಮದರ್ಶಕದಲ್ಲಿ ಎರಡು ಪೋಲರೈಸರ್‌ಗಳನ್ನು (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನು ಮಾತ್ರ ಬಿಡುವ ಫಿಲ್ಟರ್‌ಗಳು) ಒಂದಕ್ಕೊಂದು ಅಡ್ಡ ಇಟ್ಟರೆ ತಿಳಿ ದ್ರವ ಪೂರ್ತಿ ಕಪ್ಪು. ನಿಧಾನವಾಗಿ ತಣಿಸುತ್ತಾ ಬನ್ನಿ, ಕಪ್ಪಿನೊಳಗೆ ಬೆಳಕಿನ ಚುಕ್ಕಿಗಳು ಹುಟ್ಟಿ, ಬೆಳೆದು, ಒಂದಕ್ಕೊಂದು ಸೇರಿ ಇಡೀ ಗಾಜು ತುಂಬಿಕೊಳ್ಳುತ್ತವೆ. ಮೇಲಿನ ಗಾಜನ್ನು ಸೂಜಿಯಿಂದ ಮೆಲ್ಲಗೆ ಒತ್ತಿದರೆ ಆ ಬೆಳಕೆಲ್ಲ ಹರಿಯುತ್ತದೆ! ಕ್ಯಾಲೊರಿಮೀಟರ್ ಹೇಳುವುದು ಶಾಖದ ಲೆಕ್ಕ: ಹರಳು ಒಡೆಯಲು ಬೇಕಾದ ಶಾಖ ಜಾಸ್ತಿ, ಮಬ್ಬು ತಿಳಿಯಾಗಲು ತೀರಾ ಕಡಿಮೆ. ಅಣುಗಳು ಹೇಗೆ ಜೋಡಿಕೊಂಡಿವೆ ಅಂತ ತೋರಿಸುವುದು ಮಾತ್ರ ಎಕ್ಸ್-ರೇ. ಈ ಮೂರೂ ಒಂದೇ ಮಾತು ಹೇಳಿದಾಗಲೇ ನಾನು ನಂಬುವುದು.

ದ್ರವಹರಳಿನ ಸಂಶೋಧನೆಯಲ್ಲಿ ಬೆಂಗಳೂರಿನದು ದೊಡ್ಡ ಪಾಲು. 1977ರವರೆಗೆ ದ್ರವಹರಳಾಗಲು ಕಡ್ಡಿಯಂತೆ ಉದ್ದ ಇರುವ ಅಣುಗಳೇ ಬೇಕು ಅಂತ ಸಾಮಾನ್ಯವಾಗಿ ನಂಬಿದ್ದರು. ಆ ವರ್ಷ ರಾಮನ್ ಸಂಶೋಧನಾ ಸಂಸ್ಥೆಯ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಬೆಂಜೀನ್ ಉಂಗುರದ ಸುತ್ತ ಆರು ಬಾಲಗಳಿರುವ ಚಪ್ಪಟೆ ಅಣುಗಳನ್ನು ತೆಗೆದುಕೊಂಡು ನೋಡಿದರು. ಎಕ್ಸ್-ರೇಯಲ್ಲಿ ಕಂಡಿದ್ದು ಹೊಸತೇ: ಅಣುಗಳು ಹಪ್ಪಳದ ಕಟ್ಟಿನ ಹಾಗೆ ಒಂದರ ಮೇಲೊಂದು ಕೂತು ಕಂಬಗಳಾಗಿದ್ದವು, ಆ ಕಂಬಗಳು ಷಟ್ಕೋನದ ಜೋಡಣೆಯಲ್ಲಿ ನಿಂತಿದ್ದವು. ಅದನ್ನು ಪ್ರಕಟಿಸಿದ್ದು ಬೆಂಗಳೂರಿನದೇ ಪತ್ರಿಕೆ 'ಪ್ರಮಾಣ'ದಲ್ಲಿ. ಮುಂದೆ ಇಂಥ ಬಿಲ್ಲೆ ಅಣುಗಳ ಪದರವೇ ಎಲ್‌ಸಿಡಿ ಪರದೆಯನ್ನು ಓರೆಯಿಂದ ನೋಡಿದರೂ ಚಿತ್ರ ಕೆಡದಂತೆ ಮಾಡಲು ನೆರವಾಯಿತು. ನಮ್ಮ ಪಠ್ಯಪುಸ್ತಕಗಳು ಇದನ್ನು ಇನ್ನೂ ದೊಡ್ಡದಾಗಿ ಹೇಳಬೇಕು ಅಲ್ವಾ?

ಸುಮ್ನೆ ವಾದ ಮಾಡುವ ಬದಲು ನಿಮ್ಮ ಕಾಲೇಜಿನಲ್ಲಿ ಭೂವಿಜ್ಞಾನ ವಿಭಾಗ ಇದ್ದರೆ ಅಲ್ಲಿ ಕೇಳಿ. ಕಲ್ಲಿನ ತೆಳು ತುಣುಕು ನೋಡಲು ಅವರ ಹತ್ತಿರ ಪೋಲರೈಸಿಂಗ್ ಸೂಕ್ಷ್ಮದರ್ಶಕ ಸಾಮಾನ್ಯವಾಗಿ ಇರುತ್ತದೆ. ಎರಡು ಗಾಜಿನ ನಡುವೆ ಚಿಟಿಕೆಗಿಂತ ಕಡಿಮೆ ಪುಡಿ ಸಾಕು. ಹಾಟ್ ಪ್ಲೇಟ್ ಮೇಲೆ ಕರಗಿಸಿ, ಇಕ್ಕಳದಲ್ಲಿ ಹಿಡಿದು ತಕ್ಷಣ ಸೂಕ್ಷ್ಮದರ್ಶಕದ ಕೆಳಗೆ ಇಡಿ, ತಣಿಯುವಾಗ ನೋಡಿ. ಕಡಿಮೆ ಶಕ್ತಿಯ ಲೆನ್ಸನ್ನೇ ಬಳಸಿ, ಬಿಸಿ ಗಾಜು ಅದಕ್ಕೆ ತಾಗದಿರಲಿ.