ಕಿವಿ ಯಾಕೆ ಮಸುಕು?

ಪ್ರಶ್ನೆ: ಮೇಡಂ, ಮೊನ್ನೆ ಮೊಬೈಲಲ್ಲಿ ಒಂದು ಮುಖ ನೋಡಿ ಫೋಟೋ ಅಂದ್ಕೊಂಡು ಮುಂದೆ ಹೋದೆ, ಆಮೇಲೆ ನೋಡಿದ್ರೆ ಅದು ಪೇಂಟಿಂಗ್ ಅಂತೆ! ಕ್ಯಾಮೆರಾ ಕ್ಲಿಕ್ ಅಂತ ಮುಗಿಸೋ ಕೆಲ್ಸಾನ ತಿಂಗಳುಗಟ್ಟಲೆ ಕೂತು ಮಾಡೋದ್ರಲ್ಲಿ ಏನು ಸುಖ? ಅದೂ ಫೋಟೋ ನೋಡ್ಕೊಂಡೇ ಬರೀತಾರಂತೆ, ಕಾಪಿ ಹೊಡೆದಂಗಲ್ವಾ?

ಉತ್ತರ: ಕಾಪಿನೇ, ಅನುಮಾನ ಬೇಡ. ಆದ್ರೆ ಯಾವುದರ ಕಾಪಿ ಅಂತ ಸ್ವಲ್ಪ ನೋಡಿ. ಅಮೆರಿಕದ ಚಿತ್ರಗಾರ ಚಕ್ ಕ್ಲೋಸ್ 1967-68ರಲ್ಲಿ ತನ್ನದೇ ಮುಖ ಬರೆದ, ಹೆಚ್ಚುಕಮ್ಮಿ 9 ಅಡಿ ಎತ್ತರ, ಬಾಯಲ್ಲಿ ಸಿಗರೇಟು, ಕೆದರಿದ ಕೂದಲು, ಕನ್ನಡಕ. ಕಣ್ಣು, ಬಾಯಿ ಹತ್ರ ಎಲ್ಲಾ ಶಾರ್ಪ್, ಗಡ್ಡದ ಕೂದಲು ಎಣಿಸ್ಬಹುದು; ಕಿವಿ ಕಡೆ ಹೋಗ್ತಾ ಹೋಗ್ತಾ ಮಸುಕು. ಎದುರಿಗೆ ಆಳನ್ನ ಕೂರಿಸ್ಕೊಂಡು ಬರೆದಿದ್ರೆ ಕಿವಿ ಮಸುಕಾಗೋ ಚಾನ್ಸೇ ಇಲ್ಲ, ಯಾಕಂದ್ರೆ ಕಿವಿ ನೋಡ್ಬೇಕು ಅಂದ್ಕೊಳ್ಳೋಷ್ಟರಲ್ಲಿ ನಮ್ಮ ಕಣ್ಣು ಅಲ್ಲಿಗೆ ಫೋಕಸ್ ಮಾಡ್ಕೊಂಡ್ಬಿಟ್ಟಿರುತ್ತೆ. ಆ ಮಸುಕು ಲೆನ್ಸಿಂದು. ಎದುರಿಗಿದ್ದ ಫೋಟೋನೇ ಆತ ಬರೆದಿರೋದು, ಅದರ ಕೊರತೆ ಸಮೇತ. ಬಿಳಿ ಬಣ್ಣಾನೇ ಮುಟ್ಟಿಲ್ಲ ನೋಡಿ, ಏರ್‌ಬ್ರಶ್ಶಲ್ಲಿ, ಅಂದ್ರೆ ಗಾಳಿ ಒತ್ತಡದಿಂದ ಬಣ್ಣ ಸಿಂಪಡಿಸೋ ಉಪಕರಣದಲ್ಲಿ, ತೆಳ್ಳಗೆ ಕಪ್ಪು ಹೊಡೆದು, ಬೆಳಕು ಬೇಕಾದ ಕಡೆ ಬ್ಲೇಡಲ್ಲಿ ಕೆರೆದು ಕ್ಯಾನ್ವಾಸಿನ ಬಿಳೀನೇ ಕಾಣೋ ಹಂಗೆ ಮಾಡಿದ್ದು.

ಇನ್ನೊಬ್ಬ ರಿಚರ್ಡ್ ಎಸ್ಟಿಸ್, ಇವನು ಉಲ್ಟಾ. 1967ರಲ್ಲಿ ಸಾಲಾಗಿ ನಿಂತ ಟೆಲಿಫೋನ್ ಬೂತ್ ಬರೆದ, ಗಾಜಲ್ಲಿ, ಲೋಹದಲ್ಲಿ ಬೀದಿಯೆಲ್ಲಾ ಚೂರು ಚೂರಾಗಿ ಪ್ರತಿಫಲಿಸುತ್ತೆ. ನೀವೇ ಒಂದ್ಸಲ ಕಿಟಕಿ ಗಾಜಿನ ಹತ್ರ ನಿಂತು ನೋಡಿ, ಗಾಜಿನ ಮೇಲಿನ ಧೂಳಿಗೆ ಕಣ್ಣಿಟ್ರೆ ಅದರೊಳಗೆ ಕಾಣೋ ಮರ ಮಸುಕಾಗುತ್ತೆ, ಮರಕ್ಕೆ ಕಣ್ಣಿಟ್ರೆ ಧೂಳು ಮಾಯ. ಎಸ್ಟಿಸ್ ಹಲವು ಫೋಟೋ ಮುಂದಿಟ್ಕೊಂಡು ಇದರಿಂದ ಇಷ್ಟು ಅದರಿಂದ ಅಷ್ಟು ತಗೊಂಡು ಎಲ್ಲಾನೂ ಒಂದೇ ಸಮ ಶಾರ್ಪಾಗಿ ಇಡ್ತಾನೆ. ಫೋಟೋ ಥರ ಇದೆ ಅಂತೀವಿ, ಆದ್ರೆ ಅಂಥ ಫೋಟೋ ಯಾರೂ ತೆಗೆದೇ ಇಲ್ಲ! ನಂಗೆ ಇಬ್ಬರಲ್ಲಿ ಇವನೇ ಹೆಚ್ಚು ಇಷ್ಟ.

ಪ್ರಶ್ನೆ: ಕೆಲವರು ಪ್ರೊಜೆಕ್ಟರಲ್ಲಿ ಫೋಟೋನ ಕ್ಯಾನ್ವಾಸ್ ಮೇಲೆ ಬಿಟ್ಟು ಗೆರೆ ಎಳ್ಕೋತಾರಲ್ಲ, ಅದು ಮೋಸ ಅಲ್ವಾ?

ಉತ್ತರ: ಗೆರೆ ಸಿಗುತ್ತೆ, ಅಷ್ಟೇ. ಲೈಟ್ ಹಾಕಿದ್ಮೇಲೆ ಕೆನ್ನೆ ಎಲ್ಲಿ ಮುಗಿದು ನೆರಳು ಎಲ್ಲಿ ಶುರು, ಆ ಅಂಚು ಗಟ್ಟಿ ಇರ್ಬೇಕಾ ಮೆತ್ತಗಿರ್ಬೇಕಾ, ಬಣ್ಣ ಎಷ್ಟು ಬೆರೆಸ್ಬೇಕು, ಇದ್ಯಾವುದನ್ನೂ ಪ್ರೊಜೆಕ್ಟರ್ ಹೇಳ್ಕೊಡಲ್ಲ. ಚಕ್ ಕ್ಲೋಸಂತೂ ಫೋಟೋ ಮೇಲೆ ಚೌಕಳಿ ಹಾಕ್ಕೊಂಡು ಒಂದೊಂದೇ ಚೌಕ ಕ್ಯಾನ್ವಾಸಿಗೆ ದಾಟಿಸ್ತಿದ್ದ, ಅದು ಫೋಟೋ ಹುಟ್ಟೋಕೆ ಎಷ್ಟೋ ಮುಂಚಿನ ವಿದ್ಯೆ. ಮುಚ್ಚಿಡೋರು ಬೇರೆ, ಹೀಗೆ ಫೋಟೋ ನೋಡ್ಕೊಂಡು ಬರೆಯೋರನ್ನ ಫೋಟೋರಿಯಲಿಸ್ಟ್ ಅಂತಾನೇ ಕರೀತಾರೆ, ಹೆಸರಲ್ಲೇ ಫೋಟೋ ಇದೆ, ಮೋಸ ಎಲ್ಲಿಂದ ಬಂತು?

ಒಂದೇ ಬೇಜಾರು ಅಂದ್ರೆ ನೀವು ಅದನ್ನ ಮೊಬೈಲಲ್ಲಿ ನೋಡಿದ್ದು. ಫೋಟೋ ನೋಡಿ ಪೇಂಟಿಂಗ್ ಮಾಡಿದ್ರು, ಅದರ ಫೋಟೋ ತೆಗೆದು ಬೆರಳಷ್ಟಕ್ಕೆ ಇಳಿಸಿದ್ರೆ ಮತ್ತೆ ಫೋಟೋನೇ ಕಾಣುತ್ತೆ ಅಲ್ವಾ. 9 ಅಡಿ ಮುಖದ ಮುಂದೆ ನಿಂತಾಗ ಮೂಗಿನ ರಂಧ್ರಾನೇ ನಿಮ್ಮ ಕಣ್ಣೆತ್ತರಕ್ಕೆ ಬಂದಿರುತ್ತೆ.