ಉಮ್ಕಲೋಆಬೋ ಸಿರಪ್‌ನಲ್ಲಿರುವ ಆಫ್ರಿಕಾದ ಬೇರು ಯಾವುದು? ಊರಲ್ಲಿ ಬೆಳೆಸಬಹುದಾ?

ಜರ್ಮನಿಯಲ್ಲಿ ಮಗಳ ಕೆಮ್ಮಿಗೆ ಔಷಧಿ ಅಂಗಡಿಯವರು ಉಮ್ಕಲೋಆಬೋ ಸಿರಪ್ ಕೊಟ್ಟರು, ಅದು ಆಫ್ರಿಕಾದ ಯಾವುದೋ ಬೇರಂತೆ, ಹಾಸನದ ತೋಟದಲ್ಲಿ ಹಾಕಿ ಕಷಾಯ ಮಾಡಿಕೊಳ್ಳಬಹುದಾ ಅಂತ ಕೇಳಿದ್ದೀರಿ. ಗಿಡ ಹಾಕಿ, ತೊಂದರೆ ಇಲ್ಲ. ಕಷಾಯ ಮಾತ್ರ ಬೇಡ.

ಗಿಡದ ಹೆಸರು ಪೆಲಾರ್ಗೋನಿಯಂ ಸೈಡಾಯ್ಡಿಸ್. ಬೆಂಗಳೂರಿನ ನರ್ಸರಿಗಳಲ್ಲಿ ಕುಂಡದಲ್ಲಿಟ್ಟು ಮಾರುವ ಜೆರೇನಿಯಂ ಇದೆಯಲ್ಲ, ಅದರ ದಾಯಾದಿ. ದಕ್ಷಿಣ ಆಫ್ರಿಕಾ ಮತ್ತು ಲೆಸೊಥೊದ ಹುಲ್ಲುಗಾವಲು ಇದರ ತವರು. ನಾನು ಅಲ್ಲಿ ಕೆಲಸದಲ್ಲಿದ್ದಾಗ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಇದನ್ನು ನೋಡಿದ್ದೇನೆ. ಜೊತೆಗಿದ್ದವರು ತೋರಿಸದಿದ್ದರೆ ತುಳಿದುಕೊಂಡೇ ಹೋಗುತ್ತಿದ್ದೆ. ನೆಲಕ್ಕೆ ಅಂಟಿಕೊಂಡ ಹೃದಯದಾಕಾರದ ಎಲೆ, ಮುಟ್ಟಿದರೆ ಮೆತ್ತಗೆ, ಬೂದಿ ಬಣ್ಣ. ಸಣ್ಣ ಹೂವು, ಕಪ್ಪೇ ಅನ್ನಿಸುವಷ್ಟು ಗಾಢವಾದ ಕೆಂಪು. ಇದನ್ನೇ ಹೋಲುವ ಪೆಲಾರ್ಗೋನಿಯಂ ರೆನಿಫಾರ್ಮೆ ಅಂತ ಇನ್ನೊಂದಿದೆ, ಅದರ ಹೂವು ಗುಲಾಬಿ ಬಣ್ಣದ್ದು. ಬೇರು ಅಗೆಯುವವರೂ ಎಷ್ಟೋ ಸಲ ಎರಡನ್ನೂ ಒಂದೇ ಚೀಲಕ್ಕೆ ಹಾಕುತ್ತಾರೆ.

ಅಸಲು ಸಂಗತಿ ಇರುವುದು ಮಣ್ಣಿನ ಕೆಳಗೆ. ಹೊರಗೆ ಕಪ್ಪು, ಕುಯ್ದರೆ ಒಳಗೆ ಕೆಂಪಗಿರುವ ದಪ್ಪ ಗೆಡ್ಡೆ ಬೇರು. ಹುಲ್ಲುಗಾವಲಿಗೆ ಬೆಂಕಿ ಬಿದ್ದು ಮೇಲಿನದೆಲ್ಲ ಸುಟ್ಟರೂ ಈ ಬೇರಿನಿಂದ ಮತ್ತೆ ಚಿಗುರುತ್ತದೆ. ಅಲ್ಲಿನ ಜನ ತಲೆಮಾರುಗಳಿಂದ ಭೇದಿಗೆ, ಎದೆಯ ಕಾಯಿಲೆಗೆ ಇದನ್ನು ಕುದಿಸಿ ಕುಡಿಯುತ್ತಿದ್ದರು.

ಯುರೋಪಿಗೆ ಹೋದ ಕಥೆ ಸ್ವಲ್ಪ ತಮಾಷೆಯಾಗಿದೆ. 1897ರಲ್ಲಿ ಚಾರ್ಲ್ಸ್ ಸ್ಟೀವನ್ಸ್ ಅನ್ನುವ ಇಂಗ್ಲೆಂಡಿನ ಹುಡುಗ ಕ್ಷಯ ಅಂತ ಹವಾ ಬದಲಾವಣೆಗೆ ದಕ್ಷಿಣ ಆಫ್ರಿಕಾಕ್ಕೆ ಬಂದ. ನಾಟಿ ವೈದ್ಯರೊಬ್ಬರು ಬೇರಿನ ಕಷಾಯ ಕೊಟ್ಟರು. ಹುಷಾರಾದೆ ಅಂದುಕೊಂಡವನು ಇಂಗ್ಲೆಂಡಿಗೆ ಹೋಗಿ ಅದನ್ನೇ ಕ್ಷಯದ ಮದ್ದು ಅಂತ ಮಾರಲು ಶುರು ಮಾಡಿದ. ಬೇರು ಯಾವುದು ಅಂತ ಮಾತ್ರ ಬಾಯಿ ಬಿಡಲಿಲ್ಲ! ಬ್ರಿಟಿಷ್ ವೈದ್ಯರ ಸಂಘ ಇದು ಮೋಸ ಅಂತ ಬರೆಯಿತು, ಆತ ಕೋರ್ಟಿಗೆ ಹೋದ, ಸೋತ. ಗಿಡ ಯಾವುದು ಅಂತ ಪಕ್ಕಾ ಆಗಿದ್ದು 1974ರಲ್ಲಿ, ಮ್ಯೂನಿಕ್‌ನಲ್ಲಿ. ಅಂದ ಹಾಗೆ ಇದು ಕ್ಷಯ ವಾಸಿ ಮಾಡುತ್ತದೆ ಅನ್ನುವುದು ಇವತ್ತಿಗೂ ಸಾಬೀತಾಗಿಲ್ಲ. ಆ ಆಸೆ ಯಾರಿಗೂ ಬೇಡ.

ಈಗಿನ ಸಿರಪ್ ಜರ್ಮನಿಯ ಶ್ವಾಬೆ ಕಂಪನಿಯದು. ಬೇರಿನ ಸಾರ ತೆಗೆಯುವ ವಿಧಾನಕ್ಕೆ ಅವರು ಪೇಟೆಂಟ್ ಪಡೆದಿದ್ದರು. ಈಸ್ಟರ್ನ್ ಕೇಪ್‌ನ ಆಲಿಸ್ ಅನ್ನುವ ಊರಿನ ಸಮುದಾಯ, ಕೆಲವು ಸಂಘಟನೆಗಳ ಜೊತೆ ಸೇರಿ ಅದನ್ನು ಪ್ರಶ್ನಿಸಿತು. ಅದರಲ್ಲಿ ಹೊಸದೇನೂ ಇಲ್ಲ ಅಂತ ಯುರೋಪಿಯನ್ ಪೇಟೆಂಟ್ ಕಚೇರಿ 2010ರಲ್ಲಿ ರದ್ದು ಮಾಡಿತು. ನಮ್ಮ ಅರಿಶಿನ, ಬೇವಿನ ಪೇಟೆಂಟ್ ಗಲಾಟೆ ನೆನಪಾಯಿತು ಅಲ್ವಾ? ನನ್ನ ಪ್ರಕಾರ ತೀರ್ಪು ಸರಿಯಾಗೇ ಇತ್ತು. ಆದರೆ ಪೇಟೆಂಟ್ ಹೋಯಿತು ಅಂತ ಗುದ್ದಲಿ ಹಿಡಿದು ಬಿಸಿಲಲ್ಲಿ ಅಗೆಯುವವರ ಕೂಲಿ ತಾನಾಗೇ ಜಾಸ್ತಿ ಆಗುವುದಿಲ್ಲ.

ಕೆಲಸ ಮಾಡುತ್ತದಾ? ಸ್ವಲ್ಪ ಮಟ್ಟಿಗೆ ಇರಬಹುದು. ಒಂದು ಔಷಧಿಯ ಮೇಲೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ತೂಗಿ ನೋಡುವ ಕೊಕ್ರೇನ್ ಅನ್ನುವ ಸಂಸ್ಥೆಯ 2013ರ ವಿಮರ್ಶೆ, ಬ್ರಾಂಕೈಟಿಸ್ (ಶ್ವಾಸನಾಳದ ಉರಿಯೂತ) ಲಕ್ಷಣಗಳು ಕಡಿಮೆ ಆಗಬಹುದು ಅಂದಿತು, ಜೊತೆಗೇ ಆಧಾರ ಗಟ್ಟಿಯಾಗಿಲ್ಲ ಅಂತಲೂ ಹೇಳಿತು. ಇದೇ ಔಷಧಿ ಹನಿಗಳ ರೂಪದಲ್ಲೂ ಬರುತ್ತದೆ, ಅದರಲ್ಲಿ ಆಲ್ಕೋಹಾಲ್ ಇದೆ. ಮಗುವಿಗೆ ಕೊಡುವ ಮುಂಚೆ ಡಾಕ್ಟರನ್ನು ಕೇಳಿ. ಯಕೃತ್ತಿನ ತೊಂದರೆ ಇದ್ದವರಿಗಂತೂ ಬೇಡವೇ ಬೇಡ. ಕಣ್ಣು ಹಳದಿ ಆದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ತಕ್ಷಣ ನಿಲ್ಲಿಸಿ.

ಇನ್ನು ಹಾಸನದ ತೋಟ. ನೀರು ನಿಲ್ಲದ ಕಲ್ಲು ಮಣ್ಣು, ಬಿಸಿಲು ಬೇಕು. ನಮ್ಮ ಮಳೆಗಾಲದಲ್ಲಿ ಬೇರು ಕೊಳೆಯುವ ಭಯ ಇದೆ, ಹಾಗಾಗಿ ಕುಂಡವೇ ವಾಸಿ. ಗೆಡ್ಡೆ ದಪ್ಪ ಆಗಲು ವರ್ಷಗಳೇ ಹಿಡಿಯುತ್ತವೆ. ಅಷ್ಟು ಕಾದು ಕಿತ್ತು ಕುದಿಸಿದರೂ ಒಂದು ಲೋಟದಲ್ಲಿ ಎಷ್ಟು ಸಾರ ಇಳಿಯಿತು ಅಂತ ಅಳೆಯುವುದಕ್ಕೆ ಮನೆಯಲ್ಲಿ ದಾರಿ ಇಲ್ಲ. ಬೀಜ ಸಿಕ್ಕರೆ ಹೂವಿಗೋಸ್ಕರ ಬೆಳೆಸಿ. ಆ ಬಣ್ಣ ಬೇರೆ ಜೆರೇನಿಯಂಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ.