ಪ್ರೊಪೊಲಿಸ್ ಲೇಖನ ಕಳುಹಿಸಿದ ಪೆರ್ಲದ ಲೇಖಕರಿಗೆ

ಮಾನ್ಯರೇ,

‘ಜೇನುಗೂಡಿನ ಅಮೃತ’ವನ್ನು ಈಗಿರುವಂತೆ ಪ್ರಕಟಿಸಲಾರೆ. ಭಾಷೆಯ ಬಗ್ಗೆ ದೂರಿಲ್ಲ. ತಕರಾರು ಇರುವುದು ಜೇನುನೊಣದ ವಿಚಾರದಲ್ಲಿ.

ಪ್ರೊಪೊಲಿಸ್ ಎಂದರೆ ಜೇನುನೊಣಗಳು ಮರದ ಅಂಟು ತಂದು ಮೇಣ ಬೆರೆಸಿ ಗೂಡಿಗೆ ಮೆತ್ತುವ ಪದಾರ್ಥ. ಅಡಿಕೆ ತೋಟದ ತುಡುವೆ ಜೇನಿನ ಪೆಟ್ಟಿಗೆಯಿಂದ ಅದನ್ನು ಕೆರೆದು ತೆಗೆಯಬಹುದು ಎಂದಿದ್ದೀರಿ. ತುಡುವೆ ನೊಣ ಮರದ ಅಂಟನ್ನು ಕೂಡಿಡುವುದಿಲ್ಲ. ಚೌಕಟ್ಟಿನ ಅಂಚಿಗೆ ಹತ್ತಿರುವುದು ಬರಿಯ ಮೇಣ. ಅಂಟು ತರುವ ಕಸುಬು ಯುರೋಪಿನ ಮೆಲ್ಲಿಫೆರಾ ಜೇನಿನದ್ದು, ನಮ್ಮ ಮುಜಂಟಿ ಎಂಬ ಕೊಂಡಿಯಿಲ್ಲದ ಪುಟ್ಟ ಜೇನಿನದ್ದು. ನೆರೆಮನೆಯ ಜೇನು ಸಾಕುವವರನ್ನು ಕೇಳಿದ್ದರೂ ಸಾಕಿತ್ತು.

ರಾಳ ಶೇ. 50, ಮೇಣ 30, ಸುಗಂಧ ತೈಲ 10, ಪರಾಗ 5, ಇತರೆ 5 ಎಂಬ ನಿಮ್ಮ ಪಟ್ಟಿ ಸ್ಥೂಲವಾಗಿ ಸರಿ. ಆದರೆ ಅದು ಮೆಲ್ಲಿಫೆರಾ ಗೂಡಿನ ಲೆಕ್ಕ. ಅದರ ಕೆಳಗೆ ಹೆಸರಿಸಿದ ಕ್ರೈಸಿನ್, ಗ್ಯಾಲಂಜಿನ್, ಪಿನೊಸೆಂಬ್ರಿನ್ ಎಂಬ ಸಂಯುಕ್ತಗಳು ಪಾಪ್ಲರ್ ಮರದ ಮೊಗ್ಗಿನ ಅಂಟಿನಿಂದ ಬಂದವು. ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್‌ನಲ್ಲಿ ಎದ್ದು ಕಾಣುವುದು ಆರ್ಟೆಪಿಲಿನ್-ಸಿ ಎಂಬ ಸಂಯುಕ್ತ. ಅದರ ಮೂಲ ಬಕಾರಿಸ್ ಎಂಬ ಪೊದೆ. ಮರ ಬೇರೆಯಾದರೆ ರಸಾಯನವೂ ಬೇರೆ. ಪೆರ್ಲದಲ್ಲಿ ಪಾಪ್ಲರ್ ಎಲ್ಲಿದೆ ಸ್ವಾಮಿ? ಇಲ್ಲಿರುವುದು ಹಲಸು, ಮಾವು, ಗೇರು. ಮುರಕಲ್ಲಿನ ಗೋಡೆಯ ಸಂದಿನಲ್ಲಿ ಮುಜಂಟಿ ಮೇಣಕ್ಕೆ ಅಂಟು ಬೆರೆಸಿ ಕೊಳವೆಯಂತಹ ಬಾಗಿಲು ಕಟ್ಟುತ್ತದೆ. ಒಳಗೆ ಜೇನು ತುಂಬುವ ಪುಟ್ಟ ಗಡಿಗೆಗಳಿಗೂ ಅದೇ ಮಿಶ್ರಣ. ಮುಜಂಟಿ ಯಾವ ಮರದ ಗಾಯಕ್ಕೆ ಹೋಗಿ ಕೂರುತ್ತದೆ, ಯಾವ ತಿಂಗಳಲ್ಲಿ ಹೆಚ್ಚು ತರುತ್ತದೆ? ನಿಮ್ಮ ಅಂಗಳದಲ್ಲೇ ನಿಂತು ನೋಡಬಹುದಾದ ಈ ಸಂಗತಿಗಳು ಮೂರು ಪುಟಗಳಲ್ಲಿ ಎಲ್ಲೂ ಇಲ್ಲ. ನನಗೆ ಬೇಕಿರುವುದು ಅವೇ.

ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಗುಣದ ಭಾಗ ಚೆನ್ನಾಗಿ ಬಂದಿದೆ. ಆ ಗುಣವನ್ನು ಅಳೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ, ಮುಕ್ತ ರಾಡಿಕಲ್ ಎಂಬ ಚುರುಕು ಕಣಗಳಿರುವ ನೇರಳೆ ದ್ರಾವಣ ಹಳದಿಗೆ ತಿರುಗುವುದನ್ನು ಸೊಗಸಾಗಿ ವಿವರಿಸಿದ್ದೀರಿ. ಪ್ರೊಪೊಲಿಸ್‌ನ ಫೀನಾಲಿಕ್ ಸಂಯುಕ್ತಗಳು ಹೈಡ್ರೋಜನ್ ಬಿಟ್ಟುಕೊಟ್ಟು ಆ ಮುಕ್ತ ರಾಡಿಕಲ್‌ಗಳನ್ನು ತಣಿಸುತ್ತವೆ ಎಂಬ ಕಾರಣವನ್ನೂ ಸೇರಿಸಿ. ಸಾರ ತೆಗೆದದ್ದು ನೀರಿನಲ್ಲೋ ಎಥನಾಲ್‌ನಲ್ಲೋ ಎಂಬುದನ್ನು ಹೇಳದೆ ಫಲಿತಾಂಶ ಕೊಡಬೇಡಿ. ರಾಳದ ಬಹುಪಾಲು ನೀರಿಗೆ ಕರಗುವುದೇ ಇಲ್ಲ.

ಅಲ್ಲಿಂದ ಒಂದೇ ನೆಗೆತಕ್ಕೆ ‘ಆದುದರಿಂದ ಕ್ಯಾನ್ಸರ್ ವಾಸಿಯಾಗುತ್ತದೆ’ ಎಂದುಬಿಟ್ಟಿದ್ದೀರಿ. ಪ್ರನಾಳದಲ್ಲಿ ಬಣ್ಣ ಮಾಸಿದ ಮಾತ್ರಕ್ಕೆ ರೋಗಿ ಎದ್ದು ಕೂರುವುದಿಲ್ಲ. ನಡುವೆ ಜಠರ, ಕರುಳು, ಯಕೃತ್ತು ಎಲ್ಲ ದಾಟಬೇಕು. ಆ ಪ್ಯಾರಾವನ್ನು ಹೊಡೆದುಹಾಕಿದ್ದೇನೆ, ಈ ಬಗ್ಗೆ ಚೌಕಾಸಿ ಇಲ್ಲ. ಕೆಲವರಿಗೆ ಪ್ರೊಪೊಲಿಸ್ ತಾಗಿದರೆ ಚರ್ಮ ಕೆಂಪಾಗಿ ತುರಿಸುತ್ತದೆ, ಅದನ್ನು ಬರೆಯಿರಿ.

ಶೀರ್ಷಿಕೆಯಲ್ಲಿ ಅಮೃತ ಬೇಡ. ಎರಡು ಪುಟ ಸಾಕು. ಮುಜಂಟಿ ಗೂಡಿನ ಬಾಗಿಲಿನ ಚಿತ್ರವಿದ್ದರೆ ಜೊತೆಗೆ ಕಳುಹಿಸಿ.

ಇತಿ,
ಸಂಪಾದಕ